ಏಳನೆಯ ಚಿತ್ರದ ತೀರ್ಪು

ಸಭೆಯ ಅಧ್ಯಕ್ಷತೆ ವಹಿಸಿರುವ, ಕ್ರೆನ್‌ಹೋಫ್ ಕ್ಯಾಮೆರಾ ಸಂಸ್ಥೆಯ ಮುಖ್ಯಸ್ಥೆ ಹೆನ್ರಿಕೆ ಆಲ್ಬರ್ಸ್ ಅವರೇ, ನಮ್ಮ ಎರ್ಲನ್‌ಟಾಲ್ ಊರಿನ ಮೇಯರ್ ಫೋಲ್ಕರ್ ರುಪ್ ಅವರೇ, ಇಂದಿನ ಸನ್ಮಾನಕ್ಕೆ ಪಾತ್ರರಾಗಿರುವ ಎಂಜಿನಿಯರ್ ಎಕ್‌ಹಾರ್ಟ್ ಲೋಟ್ಸ್ ಅವರೇ, ಅವರ ಪತ್ನಿ ಆನೆಗ್ರೆಟ್ ಅವರೇ, ಕಾರ್ಖಾನೆಯ ಹಳಬರೇ, ಹೊಸಬರೇ, ಸಭಿಕರೇ,

ನಾನು ರೋಸ್‌ವಿಥಾ ಡೀಲ್. ಹದಿನಾರನೆಯ ವಯಸ್ಸಿಗೆ ಈ ಕಾರ್ಖಾನೆಯ ಗೇಟು ದಾಟಿ ಒಳಗೆ ಬಂದವಳು. ನಲವತ್ತೆಂಟು ವರ್ಷಗಳ ನಂತರ ಈ ಬೇಸಿಗೆಯಲ್ಲಿ ಅದೇ ಗೇಟಿನಿಂದ ನಿವೃತ್ತಳಾಗಿ ಹೊರಗೆ ಹೋದೆ. ಕೊನೆಯ ಮೂವತ್ತು ವರ್ಷ ಮಸೂರಗಳ ಅಂತಿಮ ತಪಾಸಣೆ ನನ್ನ ಕೆಲಸವಾಗಿತ್ತು. ನನ್ನ ಮೇಜು ದಾಟದೆ ಒಂದು ಮಸೂರವೂ ಪೆಟ್ಟಿಗೆ ಸೇರುತ್ತಿರಲಿಲ್ಲ. ಅಧ್ಯಕ್ಷರು ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಮೂರನೆಯ ಸಾಲಿನಲ್ಲಿ ನನ್ನ ಗಂಡ ನೊರ್ಬರ್ಟ್ ಗಡಿಯಾರ ಹಿಡಿದು ಕೂತಿದ್ದಾನೆ. ಬಸ್ ಓಡಿಸಿದವನು, ಒಂದು ನಿಮಿಷ ತಡವಾದರೂ ಸಹಿಸುವುದಿಲ್ಲ.

ಲೋಟ್ಸ್ ಅವರನ್ನು ಸಭೆಗೆ ಪರಿಚಯಿಸಬೇಕೆಂದು ನನಗೆ ಹೇಳಿದರು. ಆಗ ಅವರೊಡನೆ ಕೆಲಸ ಮಾಡಿದವರಲ್ಲಿ ಇನ್ನೂ ಗಟ್ಟಿಯಾಗಿ ಮಾತಾಡಬಲ್ಲವಳು ನಾನೊಬ್ಬಳೇ ಎಂಬುದು ಕಾರಣವಂತೆ. ಹೊಸಬರಿಗೆ ಅವರ ಹೆಸರು ಗೊತ್ತಿರುವುದು ಒಂದು ಟಿಪ್ಪಣಿ ಪುಸ್ತಕದಿಂದ. ಆರು ವರ್ಷದ ಹಿಂದೆ ನಮ್ಮ ಮೊದಲ ಡಿಜಿಟಲ್ ಕ್ಯಾಮೆರಾ ತಯಾರಾಗುತ್ತಿದ್ದಾಗ ಒಂದು ತೊಡಕು ಬಿಡಿಸಲಾಗದೆ ಎಲ್ಲರೂ ಕೈಚೆಲ್ಲಿ ಕೂತಿದ್ದರು. ನಮ್ಮ ಮಸೂರ ಫಿಲ್ಮಿಗೆ ತೀರ ಹತ್ತಿರ ಕೂರುತ್ತದೆ. ಹಾಗಾಗಿ ಚಿತ್ರದ ಅಂಚುಗಳಿಗೆ ಬೆಳಕು ಓರೆಯಾಗಿ ಬೀಳುತ್ತದೆ. ಫಿಲ್ಮು ಓರೆ ಬೆಳಕನ್ನೂ ಒಪ್ಪಿಕೊಳ್ಳುತ್ತದೆ. ಅದರ ಜಾಗದಲ್ಲಿ ಕೂರುವ ಡಿಜಿಟಲ್ ಸೆನ್ಸರ್ ಒಪ್ಪುವುದಿಲ್ಲ, ಮೂಲೆಗಳು ಕಪ್ಪಾಗುತ್ತವೆ. ಒಂದು ವರ್ಷ ಹೆಣಗಾಡಿದ ಮೇಲೆ ಹಳೆಯ ಕಪಾಟಿನಲ್ಲಿ ಹಸಿರು ರಟ್ಟಿನ ಪುಸ್ತಕವೊಂದು ಸಿಕ್ಕಿತು. ಉತ್ತರ ಅದರಲ್ಲಿತ್ತು. ಸೆನ್ಸರಿನ ಮೇಲಿನ ಕಣ್ಣಿಗೆ ಕಾಣದಷ್ಟು ಸಣ್ಣ ಮಸೂರಗಳನ್ನು ಅಂಚಿಗೆ ಹೋದಂತೆ ಚೂರುಚೂರೇ ಒಳಕ್ಕೆ ಸರಿಸಬೇಕು ಎಂದು ಪೆನ್ಸಿಲಿನಲ್ಲಿ ಬರೆದು, ಲೆಕ್ಕ ಹಾಕಿ, ತಾರೀಖು ಹಾಕಿಟ್ಟವರು ಲೋಟ್ಸ್. ತಾರೀಖು ಸಾವಿರದ ಒಂಬೈನೂರ ತೊಂಬತ್ತಾರರದು.

ತೊಂಬತ್ತಾರರಲ್ಲೇ ಉತ್ತರ ಗೊತ್ತಿದ್ದ ಕಂಪನಿ ಎರಡು ಸಾವಿರದ ಏಳರವರೆಗೆ ಯಾಕೆ ಸುಮ್ಮನಿತ್ತು? ಹೊಸಬರು ನನ್ನನ್ನು ಕೇಳಿದ್ದಾರೆ. ಆಗಿನ ಮುಖ್ಯಸ್ಥರಾಗಿದ್ದ ಡಾಕ್ಟರ್ ಗ್ರೆಫೆ ಹಟಮಾರಿ ಎಂದು ನಾನು ಹೇಳುತ್ತಾ ಬಂದೆ. ಅವರು ತೀರಿಕೊಂಡಿದ್ದಾರೆ, ಎದ್ದು ಬಂದು ಅಲ್ಲ ಎನ್ನಲಾರರು.

ಆ ಕಾಲ ಹೇಗಿತ್ತು ಎಂದು ಸ್ವಲ್ಪ ಹೇಳಬೇಕು. ನಮ್ಮ ಕ್ಯಾಮೆರಾ ಕೊಳ್ಳುವವರು ಮದುವೆಯ ಉಂಗುರ ಕೊಳ್ಳುವ ಹಾಗೆ ಕೊಳ್ಳುತ್ತಿದ್ದರು. ನಾಲ್ಕು ದಶಕ ಹಳೆಯದನ್ನು ರಿಪೇರಿಗೆ ತಂದವರು ಅದನ್ನು ಕೌಂಟರಿನ ಮೇಲೆ ಮಗುವನ್ನು ಮಲಗಿಸುವಂತೆ ಇಡುತ್ತಿದ್ದರು. ಡಿಜಿಟಲ್ ಎಂದರೆ ನಮಗೆ ಆಟಿಕೆ. ನಮ್ಮ ಕ್ಯಾಮೆರಾವನ್ನು ಅಪ್ಪ ಮಗಳಿಗೆ ಕೊಟ್ಟು ಹೋಗುತ್ತಾನೆ, ಆಟಿಕೆಯನ್ನು ಮೂರು ವರ್ಷಕ್ಕೆ ಎಸೆಯುತ್ತಾನೆ ಎಂದು ಗ್ರೆಫೆ ಪ್ರತಿ ವರ್ಷದ ಸಭೆಯಲ್ಲೂ ಹೇಳುತ್ತಿದ್ದರು. ನಾವು ಪ್ರತಿ ವರ್ಷವೂ ಚಪ್ಪಾಳೆ ತಟ್ಟುತ್ತಿದ್ದೆವು. ಅವರ ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ. ಅದೇ ತೊಂದರೆ. ಪೂರ್ತಿ ಸುಳ್ಳಾಗಿದ್ದರೆ ನಾವು ಬೇಗ ಎಚ್ಚರಗೊಳ್ಳುತ್ತಿದ್ದೆವು.

ಆದರೂ ಗ್ರೆಫೆ ಡಿಜಿಟಲ್‌ಗೆ ಬಾಗಿಲು ಹಾಕಿರಲಿಲ್ಲ. ಇದನ್ನು ಇಂದು ಸ್ಪಷ್ಟವಾಗಿ ಹೇಳುತ್ತೇನೆ. ಲೋಟ್ಸ್ ಅವರಿಗೆ ಹಿಂಭಾಗದ ಒಂದು ಕೋಣೆ ಕೊಟ್ಟರು, ಅಮೆರಿಕದಿಂದ ಸೆನ್ಸರ್ ತರಿಸಿಕೊಟ್ಟರು. ಎರಡು ವರ್ಷ ಅವರು ಆ ಕೋಣೆಯಲ್ಲಿ ಕೆಲಸ ಮಾಡಿದರು. ಕ್ಯಾಂಟೀನಿನಲ್ಲಿ ಒಂಟಿಯಾಗಿ ಊಟ ಮಾಡುತ್ತಿದ್ದರು. ನಾವು ಯಾರೂ ಅವರ ಮೇಜಿಗೆ ಹೋಗುತ್ತಿರಲಿಲ್ಲ. ನನ್ನ ನೊರ್ಬರ್ಟ್ ಫಿಲ್ಮ್ ಸುತ್ತುವ ಭಾಗವನ್ನು ಜೋಡಿಸುವ ವಿಭಾಗದಲ್ಲಿದ್ದ. ಅಲ್ಲಿ ಮೂವತ್ತನಾಲ್ಕು ಜನ. ಫಿಲ್ಮೇ ಇಲ್ಲದ ಕ್ಯಾಮೆರಾ ಬಂದರೆ ಸುತ್ತುವುದು ಏನನ್ನು? ಆ ವಿಭಾಗದವರು ಲೋಟ್ಸ್ ಅವರ ಕೋಣೆಗೆ ಶವಾಗಾರ ಎಂದು ಹೆಸರಿಟ್ಟಿದ್ದರು. ನಾನೂ ನಕ್ಕಿದ್ದೇನೆ.

ತೊಂಬತ್ತೇಳರ ಮಾರ್ಚಿನಲ್ಲಿ ಪರೀಕ್ಷೆ ನಡೆಯಿತು. ಉತ್ತರದ ಕಿಟಕಿಯಿರುವ ಸಭಾಕೋಣೆಯ ಗೋಡೆಗೆ ಹನ್ನೆರಡು ಚಿತ್ರಗಳನ್ನು ತೂಗುಹಾಕಿದರು. ಆರು ಫಿಲ್ಮಿನವು, ಆರು ಲೋಟ್ಸ್ ಅವರ ಯಂತ್ರದವು. ಯಾವುದು ಯಾವುದೆಂಬ ಪಟ್ಟಿ ಮೊಹರು ಹಾಕಿದ ಲಕೋಟೆಯಲ್ಲಿತ್ತು. ನಾನು ಒಬ್ಬಳೇ ಕೂತು ನೋಡಬೇಕು, ವಿಂಗಡಿಸಬೇಕು, ಯಾವುದು ಉತ್ತಮ ಎಂದು ಬರೆಯಬೇಕು, ಆಮೇಲೆ ಲಕೋಟೆ ಒಡೆದು ವರದಿ ಕೊಡಬೇಕು. ಲಕೋಟೆ ತಮ್ಮ ಹತ್ತಿರ ಇರಲಿ ಎಂದು ಗ್ರೆಫೆ ಕೈ ಚಾಚಿದರು. ಆಗ ಲೋಟ್ಸ್ ಅವರೇ ತಡೆದರು.

"ಬೇಡ ಸಾರ್, ಫ್ರೌ ಡೀಲ್ ಹತ್ರಾನೇ ಇರ್ಲಿ. ಅವರ ಕಣ್ಣು ಏನು ಹೇಳುತ್ತೋ ನಂಗೆ ಅದೇ ಸಾಕು" ಎಂದರು.

ಇಬ್ಬರೂ ಹೊರಗೆ ಹೋದರು. ಭೂತಗನ್ನಡಿ ಹಿಡಿದು ಎರಡೂವರೆ ಗಂಟೆ ನೋಡಿದೆ. ಒಂದೊಂದೇ ಚಿತ್ರವನ್ನು ಈ ಬದಿಗೆ, ಆ ಬದಿಗೆ ಹಾಕಿದೆ. ಏಳನೆಯ ಚಿತ್ರದ ಮುಂದೆ ಬಂದಾಗ ಕನ್ನಡಿಯನ್ನು ಕೆಳಗಿಟ್ಟೆ. ಶನಿವಾರದ ಸಂತೆಯಲ್ಲಿ ಒಬ್ಬ ಹೆಂಗಸು ತಣ್ಣೀರಿನಲ್ಲಿ ಈರುಳ್ಳಿ ಗಿಡ ತೊಳೆಯುತ್ತಿದ್ದಾಳೆ. ಕೈಗಳು ಕೆಂಪಾಗಿವೆ. ಬೆರಳ ಗಂಟುಗಳ ಮೇಲೆ ನೀರು ಇನ್ನೂ ಜಾರುತ್ತಿದೆ. ಆ ಹೆಂಗಸಿನ ಚಳಿ ನನ್ನ ಕೈಗೆ ಬಂತು. ಇದು ನಮ್ಮ ಮಸೂರ, ಇದು ಫಿಲ್ಮು, ಇದನ್ನು ಯಾವ ಯಂತ್ರವೂ ಮಾಡಲಾರದು ಎಂದುಕೊಂಡೆ. ಹನ್ನೆರಡರಲ್ಲಿ ಅತ್ಯುತ್ತಮ ಎಂದು ಬರೆದೆ. ಆಮೇಲೆ ಲಕೋಟೆ ಒಡೆದೆ.

ಏಳನೆಯದು ಲೋಟ್ಸ್ ಅವರದು. ಅವರ ಆರರಲ್ಲಿ ನಾಲ್ಕನ್ನು ನಾನು ಫಿಲ್ಮಿನವೆಂದು ಹಾಕಿದ್ದೆ.

ಸಭಿಕರೇ, ನನ್ನ ತೀರ್ಪು ಬರೆದಿದ್ದ ಹಾಳೆಯನ್ನು ನಾಲ್ಕಾಗಿ ಮಡಿಸಿ ಮೇಲಂಗಿಯ ಜೇಬಿಗೆ ಹಾಕಿಕೊಂಡೆ. ಇನ್ನೊಂದು ಹಾಳೆ ತೆಗೆದುಕೊಂಡೆ. ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಹನ್ನೆರಡನ್ನೂ ಸರಿಯಾಗಿ ವಿಂಗಡಿಸಿ ಬರೆದೆ. ಕೆಳಗೆ ಎರಡು ಸಾಲು ಸೇರಿಸಿದೆ. "ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ. ಈ ಚಿತ್ರಗಳು ಕ್ರೆನ್‌ಹೋಫ್ ಹೆಸರಿಗೆ ತಕ್ಕವಲ್ಲ." ಸಹಿ ಹಾಕಿದೆ.

ಹಾಗಾಗಿ ಬಾಗಿಲು ಹಾಕಿದವಳು ನಾನು. ಗ್ರೆಫೆ ನನ್ನ ವರದಿಯನ್ನು ನಂಬಿದರು, ಅಷ್ಟೇ.

ಯಾಕೆ ಹೀಗೆ ಮಾಡಿದೆ? ಮೂವತ್ತನಾಲ್ಕು ಜನರ ಕೆಲಸ ಉಳಿಸಲು ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಕೇಳಲು ಎಷ್ಟು ಚೆನ್ನಾಗಿದೆ ನೋಡಿ. ನೊರ್ಬರ್ಟನ ಮುಖ ನೆನಪಾದದ್ದು ನಿಜ. ಆದರೆ ಹಾಳೆ ಜೇಬಿಗೆ ಹೋದ ಮೇಲೆ ನೆನಪಾಯಿತು. ಮೊದಲು ನೆನಪಾದದ್ದು ನಾನೇ. ಈ ಊರಿನಲ್ಲಿ ರೊಟ್ಟಿ ಅಂಗಡಿಯವರೂ ನನ್ನ ಕಣ್ಣಿನ ಬಗ್ಗೆ ಮಾತಾಡುತ್ತಿದ್ದರು. ಆ ಕಣ್ಣು ನಾಲ್ಕು ಸಲ ತಪ್ಪಿತು ಎಂದು ಕ್ಯಾಂಟೀನಿನಲ್ಲಿ ಕೇಳುವುದು ನನಗೆ ಆಗುತ್ತಿರಲಿಲ್ಲ. ಕಣ್ಣು ತಪ್ಪಿರಲೂ ಇಲ್ಲ, ಅದು ಚೆನ್ನಾಗಿರುವುದನ್ನು ಚೆನ್ನಾಗಿದೆ ಎಂದೇ ಹೇಳಿತ್ತು. ಅಷ್ಟನ್ನು ಯೋಚಿಸುವ ತಾಳ್ಮೆ ಆ ಮಧ್ಯಾಹ್ನ ನನಗಿರಲಿಲ್ಲ.

ವರದಿ ಓದಿ ಗ್ರೆಫೆ ಯೋಜನೆ ನಿಲ್ಲಿಸಿದರು. ಲೋಟ್ಸ್ ಒಂದು ಮಾತೂ ವಾದಿಸಲಿಲ್ಲ. ಎರಡು ತಿಂಗಳಲ್ಲಿ ಕೆಲಸ ಬಿಟ್ಟು ಕಾಸೆಲ್ ನಗರಕ್ಕೆ ಹೋದರು, ತಾಂತ್ರಿಕ ಶಾಲೆಯೊಂದರಲ್ಲಿ ಮೇಷ್ಟರಾದರು. ಹೊರಡುವ ದಿನ ನನ್ನ ಮೇಜಿನ ಹತ್ತಿರ ಬಂದು ಕೈ ಕುಲುಕಿ ಧನ್ಯವಾದ ಹೇಳಿದರು. ನಾನು ಮಸೂರ ಒರೆಸುತ್ತಲೇ ಇದ್ದೆ.

ಮುಂದಿನದನ್ನು ಹಳಬರು ಬಲ್ಲಿರಿ. ಜಗತ್ತು ನಮಗಾಗಿ ಕಾಯಲಿಲ್ಲ. ಪತ್ರಿಕೆಗಳ ಛಾಯಾಗ್ರಾಹಕರು ಮೊದಲು ಹೋದರು, ಆಮೇಲೆ ಮದುವೆ ಫೋಟೋದವರು, ಆಮೇಲೆ ಅಂಗಡಿಗಳೇ ನಮ್ಮ ಪೆಟ್ಟಿಗೆಗಳನ್ನು ವಾಪಸ್ಸು ಕಳಿಸತೊಡಗಿದವು. ಎರಡು ಸಾವಿರದ ಐದರ ವಸಂತದಲ್ಲಿ ಇದೇ ಸಭಾಂಗಣದಲ್ಲಿ ನಮ್ಮನ್ನು ಕೂರಿಸಿ ಹೆಸರು ಓದಿದರು. ನೂರ ಎಂಬತ್ತು ಹೆಸರುಗಳು. ಸುತ್ತುವ ವಿಭಾಗದ ಮೂವತ್ತನಾಲ್ಕು ಜನರಲ್ಲಿ ಮೂವತ್ತೊಂದು. ನೊರ್ಬರ್ಟನ ಹೆಸರು ಬಂದಾಗ ಅವನು ಎದ್ದು ನಿಂತ. ಎದ್ದು ನಿಲ್ಲಬೇಕೆಂದು ಯಾರೂ ಹೇಳಿರಲಿಲ್ಲ. ಆಮೇಲೆ ಅವನು ಊರಿನ ಬಸ್ ಓಡಿಸತೊಡಗಿದ. ತಪಾಸಣೆಯ ವಿಭಾಗದಿಂದ ನನ್ನ ಹೆಸರು ಬರಲಿಲ್ಲ. ಇಂಥ ಕಣ್ಣನ್ನು ಕಂಪನಿ ಕಳೆದುಕೊಳ್ಳಲಾರದು ಎಂದರು.

ಲೋಟ್ಸ್ ಅವರ ಯಂತ್ರ ಆಗಲೇ ಬಂದಿದ್ದರೆ ಆ ಮೂವತ್ತೊಂದು ಜನರೂ ಉಳಿಯುತ್ತಿದ್ದರೇ? ನನಗೆ ಗೊತ್ತಿಲ್ಲ. ಇಲ್ಲವೇನೋ. ಆದರೆ ಹೊಸ ಕೆಲಸ ಕಲಿಯಲು ಅವರಿಗೆ ಎಂಟು ವರ್ಷ ಸಿಗುತ್ತಿತ್ತು. ಆ ಎಂಟು ವರ್ಷ ನನ್ನ ಮೇಲಂಗಿಯ ಜೇಬಿನಲ್ಲಿತ್ತು.

ಇಂದಿನ ಭಾಷಣಕ್ಕೆ ನಾಲ್ಕು ವಿವರ ಬೇಕಿತ್ತು. ಹನ್ನೆರಡು ದಿನದ ಹಿಂದೆ ರೈಲು ಹತ್ತಿ ಕಾಸೆಲ್‌ಗೆ ಹೋದೆ. ಆನೆಗ್ರೆಟ್ ಅವರು ಪ್ಲಮ್ ಹಣ್ಣಿನ ಕೇಕು ಮಾಡಿದ್ದರು. ಹುಟ್ಟಿದ ಊರು, ಓದಿದ ಶಾಲೆ ಎಲ್ಲ ಬರೆದುಕೊಂಡೆ. ಈಗ ಯಾವ ಕ್ಯಾಮೆರಾ ಬಳಸುತ್ತೀರಿ ಎಂದು ಕೇಳಿದೆ, ಸಭೆಯಲ್ಲಿ ಹೇಳಿದರೆ ಚೆನ್ನಾಗಿರುತ್ತದೆ ಎಂದು.

ಬಳಸೋದಿಲ್ಲ ಎಂದರು. ಕಂಪನಿ ಬಿಟ್ಟ ಮೇಲೆ ಒಂದು ಚಿತ್ರವನ್ನೂ ತೆಗೆದಿಲ್ಲವಂತೆ. ಮೊಮ್ಮಕ್ಕಳದ್ದೂ ಇಲ್ಲ. ನಾನು ಯಾಕೆಂದು ಕೇಳಿದೆ. ಕೇಳಬಾರದಿತ್ತು.

"ನಂಗೆ ಆ ಆರು ಚಿತ್ರ ತುಂಬಾ ಚೆನ್ನಾಗಿವೆ ಅನ್ನಿಸಿತ್ತು ಫ್ರೌ ಡೀಲ್. ನಿಮ್ಮ ಕಣ್ಣು ಬೇರೆ ಹೇಳ್ತು. ಅಂದ್ಮೇಲೆ ನನ್ನ ಕಣ್ಣೇ ಸರಿಯಿಲ್ಲ ಅಂತಾಯ್ತಲ್ಲ. ಸರಿಯಿಲ್ಲದ ಕಣ್ಣಿಟ್ಕೊಂಡು ಚಿತ್ರ ಯಾಕೆ ತೆಗೀಬೇಕು?"

ಯಾವ ಕೊಂಕೂ ಇಲ್ಲದೆ ಹೇಳಿದರು. ಕಾಫಿ ಬಗ್ಗಿಸುತ್ತಾ ಹೇಳಿದರು.

ಅಲ್ಲಿಯೇ ಎಲ್ಲವನ್ನೂ ಹೇಳಿಬಿಟ್ಟೆ. ಲಕೋಟೆ, ಹಾಳೆ, ಜೇಬು. ಆನೆಗ್ರೆಟ್ ಎದ್ದು ಒಳಗೆ ಹೋದರು. ಲೋಟ್ಸ್ ಮೇಜಿನ ಬಟ್ಟೆಯ ಅಂಚನ್ನು ನೇರ ಮಾಡುತ್ತಾ ಕೂತರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

"ಏಳನೇದು ಅಂದ್ರಲ್ಲ, ಅದರಲ್ಲಿ ಏನು ಹಿಡಿಸ್ತು ನಿಮಗೆ?" ಎಂದು ಕೇಳಿದರು.

ಹೇಳಿದೆ. ಕೆಂಪಾದ ಕೈಗಳ ಬಗ್ಗೆ, ಗಂಟುಗಳ ಮೇಲಿನ ನೀರಿನ ಬಗ್ಗೆ, ನೆರಳಿನಲ್ಲಿ ಕಪ್ಪಾಗದೆ ಉಳಿದಿದ್ದ ನೀಲಿಯ ಬಗ್ಗೆ, ಮೂಲೆಯಲ್ಲಿದ್ದ ಬುಟ್ಟಿಯ ಹೆಣಿಗೆ ಒಂದೊಂದೂ ಎಣಿಸುವಂತಿದ್ದುದರ ಬಗ್ಗೆ. ಹದಿನೈದು ವರ್ಷದ ಮೇಲೂ ನನಗೆ ಎಲ್ಲವೂ ನೆನಪಿತ್ತು. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಇನ್ನೊಮ್ಮೆ ಹೇಳಿ ಎಂದರು. ಇನ್ನೊಮ್ಮೆ ಹೇಳಿದೆ.

ಬಾಗಿಲವರೆಗೆ ಬಂದು ಬೀಳ್ಕೊಡುವಾಗ ಒಂದೇ ಮಾತು ಹೇಳಿದರು. "ನಂಗೆ ಹೇಳಿದ್ದು ಸಾಲ್ದು. ಅವತ್ತು ಕಾರ್ಖಾನೆಗೆಲ್ಲ ಗೊತ್ತಾಗೋ ಹಾಗೆ ಬರೆದ್ರಿ. ಸಭೇಲೂ ಹಾಗೇ ಹೇಳಿ."

ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಇಂದು ಬೆಳಿಗ್ಗೆ ವೇದಿಕೆಯ ಹಿಂದೆ ಸಿಕ್ಕಾಗ ತಲೆಯಾಡಿಸಿದರು, ಅಷ್ಟೇ.

ಆ ಸಂಜೆಯೇ ಮನೆಯಲ್ಲಿ ನೊರ್ಬರ್ಟನಿಗೂ ಹೇಳಿದೆ. ಆಲೂಗಡ್ಡೆ ಸುಲಿಯುತ್ತಿದ್ದವನು ಚಾಕು ಕೆಳಗಿಟ್ಟ. "ಆ ಯಂತ್ರ ಸರಿಯಾಗಿ ಮಾಡಿದ್ರೆ ನನ್ನ ಕೆಲಸ ಹೋಗ್ತಿರ್ಲಿಲ್ಲ ಅಂತ ಏಳು ವರ್ಷ ಬಸ್ಸಲ್ಲಿ ಕೂತು ಲೋಟ್ಸ್‌ನ ಬೈದೆನಲ್ಲೇ. ಪಕ್ಕದಲ್ಲಿ ಮಲಗಿರೋಳನ್ನ ಬಿಟ್ಟು ಅವನ್ನ ಬೈದೆ" ಎಂದ. ಮೂರನೆಯ ದಿನ, ಸಭೆಗೆ ತಾನೂ ಬರುತ್ತೇನೆ ಎಂದ. ಹತ್ತು ನಿಮಿಷ ಕಳೆದು ಬಹಳ ಹೊತ್ತಾಯಿತು. ಇನ್ನೂ ಅವನು ಗಡಿಯಾರ ತೋರಿಸಿಲ್ಲ.

ಅಧ್ಯಕ್ಷರೇ, ನನ್ನ ಆ ವರದಿ ನಿಮ್ಮ ಕಡತಗಳಲ್ಲಿ ಇನ್ನೂ ಇದೆ. ಅದರ ಜೊತೆ ಸೇರಿಸಲು ಇನ್ನೊಂದನ್ನು ಬರೆದು ತಂದಿದ್ದೇನೆ. ಚಿಕ್ಕದು, ಓದಿಬಿಡುತ್ತೇನೆ.

"ಮಾರ್ಚ್ ತೊಂಬತ್ತೇಳರ ಪರೀಕ್ಷೆಯಲ್ಲಿ ಎಕ್‌ಹಾರ್ಟ್ ಲೋಟ್ಸ್ ಅವರ ಆರು ಚಿತ್ರಗಳಲ್ಲಿ ನಾಲ್ಕನ್ನು ಫಿಲ್ಮಿನಿಂದ ಬೇರ್ಪಡಿಸಲು ನನಗೆ ಸಾಧ್ಯವಾಗಲಿಲ್ಲ. ಏಳನೆಯದು ಎಲ್ಲದರಲ್ಲೂ ಉತ್ತಮವಾಗಿತ್ತು. ನಾನು ಸುಳ್ಳು ಬರೆದೆ. ಅವರ ಕಣ್ಣು ಸರಿಯಾಗಿತ್ತು. ರೋಸ್‌ವಿಥಾ ಡೀಲ್, ಅಂತಿಮ ತಪಾಸಣೆ."

ಲೋಟ್ಸ್ ಅವರೇ, ನಿಮ್ಮ ಬಗ್ಗೆ ನಾನು ಮಾಡಬೇಕಿದ್ದ ಪರಿಚಯ ಇಷ್ಟೇ. ಕೇಳಿದ ನಿಮಗೆಲ್ಲ, ಕೂತು ಕೇಳಿದ ನಿನಗೂ ನೊರ್ಬರ್ಟ್, ನಾನು ಋಣಿ. ನಮಸ್ಕಾರ.