ನಗಾರಿ ಕಾಯುವ ಚೌಕ

...ಅದಲ್ಲ ಅತ್ತಿಗೆ, ಅದು ಇಕ್ಕಳ. ಅದರ ಪಕ್ಕದಲ್ಲಿ ನೋಡಿ... ಹಾಂ, ಆ ದೊಡ್ಡ ಸ್ಪ್ಯಾನರ್. ಟಾರ್ಚ್ ಸ್ವಲ್ಪ ಈ ಕಡೆ ಹಿಡೀರಿ. ನನ್ನ ಕಣ್ಣಿಗಲ್ಲ, ನಲ್ಲಿಗೆ! ಐದು ಗಂಟೆಗೇ ಈ ಅಡುಗೆಮನೆಯಲ್ಲಿ ಇಷ್ಟು ಕತ್ತಲು. ಪಕ್ಕದ ಮನೆಯವನು ಗೋಡೆ ಎಬ್ಬಿಸಿದ್ದೇ ಎಬ್ಬಿಸಿದ್ದು, ನಿಮ್ಮ ಕಿಟಕಿ ಇದ್ದೂ ಇಲ್ಲದ ಹಾಗಾಯ್ತು.

ಎಲ್ಲಿದ್ದೆ ನಾನು? ಹಾಂ, ಆಟ! ಇರಿ, ಇರಿ, ಈಗಲೇ ಬೇಡ ಅನ್ಬೇಡಿ. ಪೂರ್ತಿ ಕೇಳಿ, ಆಮೇಲೆ ಬೈದ್ರೂ ಬೈಸ್ಕೊಳ್ತೀನಿ. ನಿಮ್ಮ ಫೋನಲ್ಲಿ ಒಂದು ಖಾತೆ ತೆರೆದ್ರೆ ಸಾಕು. ಓಡೋದು ಬೇಡ, ಬೆವರೋದು ಬೇಡ. ದಿನಕ್ಕೊಂದು ಸಲ, ಸಂಜೆ ಆರರೊಳಗೆ, ಒಂದು ಬೆರಳು ಒತ್ತೋದು. ಅಷ್ಟೇ... ಯಾಕೆ ನಗ್ತೀರಿ? ತಲೆ ಅರ್ಧ ನೆರೆತ ಪ್ಲಂಬರ್ ಫೋನಲ್ಲಿ ಯುದ್ಧ ಮಾಡ್ತಾನೆ ಅಂತಾನಾ? ನಗಿ, ನಗಿ. ನೀವು ನಕ್ಕಿದ್ದು ನೋಡಿ ಎಷ್ಟೋ ಕಾಲ ಆಗಿತ್ತು.

ಒಂದು ನಕ್ಷೆ ಇರುತ್ತೆ ಅತ್ತಿಗೆ. ದೇಶಪೂರ್ತಿ ಚೌಕ ಚೌಕ. ಒಂದೊಂದು ಫುಟ್‌ಬಾಲ್ ತಂಡದ ಅಭಿಮಾನಿಗಳಿಗೆ ಒಂದೊಂದು ಬಣ್ಣ. ನಮ್ಮ ಗಿರಣಿ ತಂಡ ಹಸಿರು, ಬಂದರಿನವರು ನೀಲಿ. ಅವರವರ ಮೈದಾನದ ಚೌಕದಿಂದ ಶುರು ಮಾಡಿ ಪಕ್ಕದವರದ್ದು ಗೆಲ್ತಾ ಹೋಗೋದು. ಎಲ್ಲಿ ಯಾರ ಕಡೆಯವರು ಹೆಚ್ಚು ಒತ್ತಿದ್ರೋ, ಆರು ಗಂಟೆಗೆ ಆ ಚೌಕ ಅವರ ಬಣ್ಣಕ್ಕೆ ತಿರುಗುತ್ತೆ.

ಶುರು ಮಾಡಿದ್ದೇ ಅಣ್ಣ, ನಿಮಗೆ ಗೊತ್ತಲ್ಲ. ಮೈದಾನದಲ್ಲಿ ಗೆದ್ದು ಯಾವ ಕಾಲ ಆಯ್ತು, ನಕ್ಷೆಯಲ್ಲಾದ್ರೂ ಗೆಲ್ಲೋಣ ಕಣ್ರೋ ಅಂತ. ಬಸ್ಸಲ್ಲಿ ಟಿಕೆಟ್ ಹರಿಯೋ ಕೈಯಲ್ಲೇ ಜನರ ಫೋನ್ ತಗೊಂಡು ಖಾತೆ ತೆರೆದುಕೊಡ್ತಿದ್ದ. ಯಾರಾದ್ರೂ ಚಿಲ್ಲರೆ ಕೇಳಿದ್ರೆ, 'ಚಿಲ್ಲರೆ ಇಲ್ಲ, ಆಟಕ್ಕೆ ಸೇರ್ತೀಯಾ?' ಅಂತಿದ್ದನಂತೆ! ಬಂದರಿನ ಕಡೆಯವನು ಸಿಕ್ಕಿದ್ರೆ ಮಾತ್ರ ಚಿಲ್ಲರೆ ಎಣಿಸಿ ಕೊಟ್ಟು ಇಳಿಸ್ತಿದ್ದ. 'ಹನಿಗೂಡಿದ್ರೆ ಹಳ್ಳ' ಅನ್ನೋನು. ಒಬ್ಬೊಬ್ಬರನ್ನೇ ಕೂಡಿಸಿ ಕೂಡಿಸಿ ಹಳ್ಳ ಏನು, ಹೊಳೆಯನ್ನೇ ಹರಿಸಿದ. ನದಿಯಾಚೆಯವರೆಗೂ ಹಸಿರು ಆಗಿತ್ತು ನಕ್ಷೆ.

ಈಗ? ಈಗ ಒಂದೇ ಚೌಕ ಉಳಿದಿದೆ. ನಮ್ಮ ಮೈದಾನದ್ದು. ಇವತ್ತು ಬಂದರಿನವರು ಪೂರ್ತಿ ಬಲ ಕಟ್ಕೊಂಡು ಅದರ ಮೇಲೆ ಬೀಳ್ತಾರೆ. ಅದೂ ಹೋಯ್ತು ಅಂದ್ರೆ ನಕ್ಷೆಯಲ್ಲಿ ಹಸಿರು ಅನ್ನೋದೇ ಇರಲ್ಲ. ಅದಕ್ಕೇ ಮನೆಗೊಬ್ಬರನ್ನ ಸೇರಿಸಿ ಅಂತ ಎಲ್ಲರೂ ಕಾಲಿಗೆ ಚಕ್ರ ಕಟ್ಕೊಂಡು ಓಡಾಡ್ತಿದ್ದೀವಿ. ಬೇಕರಿಯವನು ಅವನ ಅತ್ತೆಯನ್ನ ಸೇರಿಸಿದ. ಆಯಮ್ಮ ಕನ್ನಡಕ ಹಾಕ್ಕೊಳ್ಳದೆ ಬಂದರಿನವರ ಕಡೆ ಒತ್ತಿಬಿಟ್ರು! ಈಗ ಅಳಿಯ ಅತ್ತೆ ಮಾತಿಲ್ಲ, ಕತೆ ಇಲ್ಲ.

ನೀವು ಸೇರಿ ಅತ್ತಿಗೆ. ಅಣ್ಣನ ಹೆಂಡತಿ ಬಂದ್ರು ಅಂದ್ರೆ ಜನಕ್ಕೆ ಎಷ್ಟು ಧೈರ್ಯ ಬರುತ್ತೆ...

ಅಬ್ಬಾ, ತುಕ್ಕು ಹಿಡಿದು ಕೂತಿದೆ ಇದು. ಸ್ವಲ್ಪ ಎಣ್ಣೆ ಇದ್ರೆ ಕೊಡಿ. ಯಾವುದಾದ್ರೂ ಸರಿ.

ನಿಮಗೆ ಒಂದು ವಿಷಯ ಹೇಳ್ಲಾ? ಹೇಳ್ಬೇಕೋ ಬೇಡ್ವೋ ಗೊತ್ತಿಲ್ಲ. ಹೆದರ್ಬೇಡಿ ಆದ್ರೆ. ಅಣ್ಣ ಹೋದ ಮಾರನೇ ದಿನ ನಮ್ಮ ಗುಂಪಲ್ಲಿ ಯಾರೂ ಒಂದಕ್ಷರ ಬರೀಲಿಲ್ಲ. ಯಾರೂ ಒತ್ತಲೂ ಇಲ್ಲ. ಯಾರಿಗೆ ಬೇಕಿತ್ತು ಆಟ? ಮೈದಾನದ ಚೌಕ ಹೋಯ್ತು ಅಂತಲೇ ಅಂದ್ಕೊಂಡಿದ್ವಿ. ಆರು ಗಂಟೆಗೆ ನೋಡಿದ್ರೆ... ಇದೆ! ಹಸಿರಾಗೇ ಇದೆ! ಕಾವಲಿಗೆ ನಿಂತಿರೋದು ಒಂದೇ ಹೆಸರು. 'ನಗಾರಿ.'

ಹೌದು. ಅಣ್ಣನದ್ದೇ. ಪಂದ್ಯದ ಹೊತ್ತಲ್ಲಿ ನಗಾರಿ ಬಾರಿಸಿ ಬಾರಿಸಿ ಜನ ಇಟ್ಟ ಹೆಸರು, ಅದನ್ನೇ ಆಟದಲ್ಲೂ ಇಟ್ಕೊಂಡಿದ್ದ. ಒಂದು ದಿನವೂ ತಪ್ಪಿಸದೆ ಆಡಿದವರ ಒತ್ತು ಹತ್ತಾಳಿಗೆ ಸಮ ಅಂತ ಲೆಕ್ಕ ಅಲ್ಲಿ. ಅದಕ್ಕೇ ಒಬ್ಬನೇ ಉಳಿಸ್ಕೊಂಡ.

ಅವತ್ತಿಂದ ದಿನಾ ಬರ್ತಾನೆ... ಬರುತ್ತೆ, ಆ ಹೆಸರು. ಎಲ್ಲೂ ದಾಳಿಗೆ ಹೋಗಲ್ಲ. ಆ ಚೌಕ ಬಿಟ್ಟು ಕದಲಲ್ಲ. ಮೊದಮೊದಲು ಗುಂಪಲ್ಲಿ ಎಲ್ಲರಿಗೂ ಮೈ ಜುಮ್ ಅಂದಿತ್ತು. ಆಮೇಲಾಮೇಲೆ ಅದನ್ನ ನೋಡಿಯೇ ಎಲ್ಲರೂ ಮತ್ತೆ ಒತ್ತೋಕೆ ಶುರು ಮಾಡಿದ್ದು. 'ನಗಾರಿ ನಿಂತಿದ್ದಾನೆ ಕಣ್ರೋ, ನಾವು ಮಲಗೋದಾ?' ಅಂತ. ಕ್ಷೌರದಂಗಡಿಯವನಂತೂ ಆರು ಗಂಟೆಗೆ ಸರಿಯಾಗಿ ಕತ್ತರಿ ಕೆಳಗಿಟ್ಟು ಎದ್ದು ನಿಲ್ತಾನೆ. ಅರ್ಧ ತಲೆ ಕತ್ತರಿಸಿಕೊಂಡ ಗಿರಾಕಿಯೂ ಪಕ್ಕದಲ್ಲಿ ಎದ್ದು ನಿಲ್ಬೇಕು!

ಏನಂದ್ರಿ? ಅವತ್ತು ಆಸ್ಪತ್ರೆಯಲ್ಲಿ ಅಣ್ಣನ ಫೋನ್ ಕದ್ದವನು ಒತ್ತುತ್ತಿರಬಹುದಾ? ಹ್ಹ ಹ್ಹ! ಕದ್ದವನೂ ಗಿರಣಿ ತಂಡದವನೇ ಅಂತೀರಾ? ಹ್ಹ... ಅದೂ ಸರಿ. ಅದೂ ಸರಿ ಅನ್ನಿ.

ಇಲ್ಲ, ಸಿಗ್ಲಿಲ್ಲ. ಮೊನ್ನೆ ಕೂಡ ಆಸ್ಪತ್ರೆಗೆ ಹೋಗಿ ಕೇಳಿದೆ. ಅವರೇನು ಹೇಳ್ತಾರೆ ಪಾಪ. ಅವತ್ತು ವಾರ್ಡಲ್ಲಿ ನೀವು, ನಾನು ಮಂಚದ ಕೆಳಗೆಲ್ಲ ತಡಕಿದ್ವಲ್ಲ, ದಿಂಬಿನ ಚೀಲ ಕೂಡ ಬಿಚ್ಚಿ ಕೊಡವಿದ್ವಿ. ರಿಂಗ್ ಆಗುತ್ತೆ, ಯಾರೂ ಎತ್ತಲ್ಲ ಅಂತೀರಿ... ಹೋದ ವಸ್ತು ಹೋಯ್ತು ಅತ್ತಿಗೆ. ಅದರಲ್ಲಿ ಇನ್ನೇನಿತ್ತು ಮಹಾ... ಗೊತ್ತು. ಗೊತ್ತು. ಅಣ್ಣ ಮಾತಾಡಿದ್ದೆಲ್ಲ ಅದರಲ್ಲೇ ಇತ್ತು.

ಟಾರ್ಚ್ ಸ್ವಲ್ಪ ಕೆಳಗೆ ತನ್ನಿ. ಹಾಂ, ಹಾಗೆ.

ಬಂತು, ಬಂತು! ನೋಡಿ, ಒಳಗಿನ ವಾಷರ್ ಸವೆದು ಚಿಂದಿಯಾಗಿದೆ. ಈ ಹಳೇ ನಲ್ಲಿಗೆ ಈಗಿನ ವಾಷರ್ ಕೂರಲ್ಲ. ನಿನ್ನೆಯೆಲ್ಲ ಗುಜರಿ ಅಂಗಡಿಯಲ್ಲಿ ಹುಡುಕಿ ತಂದೆ. ಇನ್ನು ಈ ಬಟ್ಟೆ ಕಟ್ಟೋ ಗೋಳಿಲ್ಲ ನಿಮಗೆ. ಒಳ್ಳೇ ಉಪಾಯ ಮಾಡಿದ್ರಿ ಬಿಡಿ, ಹನಿ ಬಟ್ಟೆ ಹಿಡಿದು ಸದ್ದಿಲ್ಲದೆ ಇಳಿದುಹೋಗುತ್ತೆ. ಇಲ್ಲದಿದ್ರೆ ರಾತ್ರಿಯಿಡೀ ಟಪ್ ಟಪ್, ಟಪ್ ಟಪ್... ಪಂದ್ಯದ ಹಿಂದಿನ ರಾತ್ರಿ ಅಣ್ಣ ಮಂಚದ ಅಂಚಿಗೆ ಬೆರಳಲ್ಲಿ ಬಡೀತಿದ್ನಲ್ಲ, ಥೇಟ್ ಹಾಗೇ. ಇನ್ನು ನಿದ್ದೆ ಎಲ್ಲಿಂದ ಬರ್ಬೇಕು ನಿಮಗೆ?

...ಏನಾಯ್ತು? ಟಾರ್ಚ್ ಯಾಕೆ ಆರಿಸಿದ್ರಿ?

ಅತ್ತಿಗೆ?

ಅಲ್ಲ... ಅಣ್ಣನೇ ಹೇಳಿದ್ದ ಒಂದ್ಸಲ, ಬೆರಳು ಬಡಿಯೋ ವಿಷಯ... ಅವನಿಗೇ ಗೊತ್ತಿರ್ಲಿಲ್ವಾ? ನಿದ್ದೆಯಲ್ಲಿ ಬಡೀತಿದ್ನಾ? ಹಾಗಿದ್ರೆ ನೀವೇ ಯಾವಾಗಲೋ... ನಲ್ಲಿನಾ? ನಲ್ಲಿ ಸೋರೋದು ಕೆಳಗಿನ ಮನೆಯವರು ಹೇಳಿದ್ರು. ದಾರಿಯಲ್ಲಿ ಸಿಕ್ಕಿದ್ರು... ಖಾಲಿ ಮಾಡಿ ಹೋದ್ರಾ ಅವರು? ಯಾವಾಗ?

ಯಾರಿಗೂ ಹೇಳಿಲ್ವಾ ನೀವು.

ಏನಾದ್ರೂ ಅನ್ನಿ ಅತ್ತಿಗೆ. ಬೈರಿ. ಕತ್ತಲಲ್ಲಿ ನಿಮ್ಮ ಮುಖ ಕೂಡ ಕಾಣ್ತಿಲ್ಲ... ಬೇಡ. ಬೇಡ, ನಿಮ್ಮ ಫೋನ್ ತೋರಿಸ್ಬೇಡಿ. ಅದರಲ್ಲಿ ಏನಿದೆ ನಂಗೊತ್ತು.

ತಗೊಳ್ಳಿ. ಸಾಮಾನಿನ ಚೀಲದಲ್ಲೇ ಇತ್ತು. ಎಣ್ಣೆ ಕೈ, ಒರೆಸಿ ಕೊಡ್ತೀನಿ ಇರಿ... ತಗೊಳ್ಳಿ.

ಕದೀಬೇಕು ಅಂತ ತಗೊಂಡಿದ್ದಲ್ಲ ಅತ್ತಿಗೆ, ಅಣ್ಣನಾಣೆ. ಆಪರೇಷನ್‌ಗೆ ಕರ್ಕೊಂಡು ಹೋಗುವಾಗ ಅವನೇ ಕೈಗಿಟ್ಟ. 'ನಂದೂ ಒತ್ತಿಬಿಡೋ, ಒಂದು ದಿನವೂ ತಪ್ಪಬಾರದು' ಅಂದ. ಒತ್ತಿದೆ. ಡಾಕ್ಟರ್ ಹೊರಗೆ ಬಂದು ತಲೆ ಅಲ್ಲಾಡಿಸಿದಾಗ ಅದು ನನ್ನ ಜೇಬಲ್ಲಿತ್ತು. ನೀವು ಮಂಚದ ಕೆಳಗೆ ಬಗ್ಗಿ ಹುಡುಕುವಾಗಲೂ ಜೇಬಲ್ಲೇ ಇತ್ತು. ನಾನೂ ನಿಮ್ಮ ಪಕ್ಕದಲ್ಲಿ ಬಗ್ಗಿ ಹುಡುಕಿದೆ. ಯಾಕೆ ಹುಡುಕಿದೆ, ಕೇಳ್ಬೇಡಿ, ನಂಗೇ ಗೊತ್ತಿಲ್ಲ. ಕೊಟ್ರೆ ನೀವು ಆರಿಸಿ ಬೀರುವಿನಲ್ಲಿ ಇಟ್ಟುಬಿಡ್ತೀರಿ, ಅಲ್ಲಿಗೆ ಅಣ್ಣ ಮುಗಿದ ಅನ್ನಿಸ್ತು. ನಾಳೆ ಕೊಡೋಣ, ನಾಳೆ ಕೊಡೋಣ ಅಂತ...

ಆಮೇಲೆ ನಿಮ್ಮ ಮೆಸೇಜ್ ಬರೋಕೆ ಶುರುವಾಯ್ತು. 'ಊಟ ಆಯ್ತಾ' ಅಂತ ಮೊದಲನೇದು. ಓದಬಾರದಿತ್ತು. ಓದಿದ್ರೆ ನಿಮ್ಮ ಕಡೆ ನೀಲಿ ಗುರುತು ಬೀಳುತ್ತೆ ಅಂತ ಗೊತ್ತಿದ್ದೂ ಓದಿದೆ. ದಿನಾ ಓದಿದೆ. ನನ್ನ ಮನೆಯಲ್ಲಿ ಅಣ್ಣನ ಮಾತು ಎತ್ತಿದ್ರೆ ಎಲ್ಲರೂ ಎದ್ದು ಹೋಗ್ತಾರೆ ಅತ್ತಿಗೆ. ನೀವೊಬ್ಬರೇ ಅವನ ಹತ್ರ ಮೊದಲಿನ ಹಾಗೇ ಮಾತಾಡ್ತಿದ್ರಿ. ಜಗಳ ಕೂಡ ಆಡ್ತಿದ್ರಿ. ಓದ್ತಾ ಓದ್ತಾ ಅವನು ಒಳಗಿನ ಕೋಣೆಯಲ್ಲಿ ಇದ್ದಾನೆ ಅನ್ನಿಸ್ತಿತ್ತು ನಂಗೆ.

ಮೊನ್ನೆ ರಾತ್ರಿ ಬರೆದ್ರಲ್ಲ... 'ನಲ್ಲಿ ಸೋರ್ತಿದೆ, ನೀವು ನಿದ್ದೆಯಲ್ಲಿ ಮಂಚ ಬಡಿದ ಹಾಗೇ ಕೇಳ್ಸುತ್ತೆ. ನಿಮ್ಮ ತಮ್ಮನಿಗೆ ಒಂದು ಮಾತು ಹೇಳಿ' ಅಂತ. ಹಾಗೆ ಬರೆದ ಮೇಲೆ ಬರದೆ ಹೇಗಿರ್ಲಿ ನಾನು?

ಅಳ್ತಿದ್ದೀರಾ? ಟಾರ್ಚ್ ಹಾಕ್ಲಾ?... ಆಯ್ತು, ಬೇಡ.

ಆರಕ್ಕೆ ಇನ್ನು ಸ್ವಲ್ಪವೇ ಹೊತ್ತು. ಇವತ್ತಿಂದು ಇನ್ನೂ ಒತ್ತಿಲ್ಲ. ಒತ್ತೋದು, ಬಿಡೋದು ಇನ್ನು ನಿಮ್ಮಿಷ್ಟ. ಫೋನ್ ನಿಮ್ಮದು, ಗಂಡನೂ ನಿಮ್ಮವನು. ಆಟ ಅಲ್ಲಿದೆ, ಕೊನೇ ಸಾಲಿನಲ್ಲಿ... ಅದಲ್ಲ, ಅದು ಮೆಸೇಜು. ನಿಮ್ಮ ಮೆಸೇಜ್‌ಗಳನ್ನೇ ಯಾಕೆ ತೆಗೀತಿದ್ದೀರಿ? ಅದರಲ್ಲಿ ಏನು ಹುಡುಕ್ತಿದ್ದೀರಿ ಅತ್ತಿಗೆ?

ಏನು?... ಮೊನ್ನೆ ರಾತ್ರಿ? 'ಟೈಪ್ ಮಾಡ್ತಿದ್ದಾರೆ' ಅಂತ... ಅವನ ಹೆಸರಿನ ಕೆಳಗೆ... ನಿಮಗೆ ಕಾಣಿಸ್ತಾ ಅದು?

ಅಯ್ಯೋ ದೇವರೇ. ಬೆಳಗಾಗೋವರೆಗೂ ಕಾದಿದ್ರಾ?

ಕಂಪನಿ ಸೈರನ್ ಆಯ್ತು, ಆರು ಗಂಟೆ. ಹೋಗ್ಲಿ ಬಿಡಿ. ಚೌಕ ಹೋದ್ರೆ ಹೋಗ್ಲಿ. ಅದನ್ನ ಹುಡುಕ್ಬೇಡಿ ಅತ್ತಿಗೆ, ಅದರಲ್ಲಿಲ್ಲ. ಬರೆದಿದ್ದು ನಾನೇ, ಅಳಿಸಿದ್ದೂ ನಾನೇ. ಕಳಿಸೋ ಧೈರ್ಯ ಬರ್ಲಿಲ್ಲ.

ಇಲ್ಲ, ಏನೂ ದೊಡ್ಡದಲ್ಲ. ಎರಡೇ ಪದ.

'ತಮ್ಮನನ್ನ ಕಳಿಸ್ತೀನಿ.'