ಧರ್ಣಪ್ಪಣ್ಣನ ಪಾಸ್‌ವರ್ಡ್

ಲೈಟ್ ಇರ್ಲಿ, ಆಫ್ ಮಾಡ್ಬೇಡಿ. ಇದು ನಮ್ಮ ಪಕ್ಕದ ಮನೆಯ ಝಕರಿಯಾನಿಗೆ ಆದದ್ದು.

ಹೋದ ವರ್ಷ, ಒಂದು ಶನಿವಾರ. ಪುಂಜಾಲಕಟ್ಟೆಯಲ್ಲಿ ಕೊನೇ ಬಸ್ಸು ಹೋಗಿ ಆಗಿತ್ತು. ಝಕರಿಯಾ ನಡ್ಕೊಂಡು ಮನೆಗೆ ಬರ್ತಾ ಇದ್ದ. ಹೆಗಲಿಗೆ ಬ್ಯಾಗು, ಬ್ಯಾಗಿನಲ್ಲಿ ಅವನ ಸ್ವಂತ ಕೀಬೋರ್ಡು. ವಯರು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದು ಅವನೇ.

ಹಳೇ ಗೋದಾಮಿನ ಎದುರು ಬಾವಿ ಉಂಟಲ್ಲ... ಅಲ್ಲಿಗೆ ಬಂದಾಗ ಒಂದು ಶಬ್ದ. ಟಕ್.

ನಿಂತ. ಕಪ್ಪೆ ಇರಬೇಕು ಅಂತ ಬಾವಿಗೆ ಬಗ್ಗಿ ನೋಡಿದ. ನೀರು ಅಲುಗಲಿಲ್ಲ. ಇನ್ನೊಮ್ಮೆ... ಟಕ್. ಬಾವಿಯಿಂದಲ್ಲ. ಅವನ ಬೆನ್ನಿನಿಂದ. ಬ್ಯಾಗಿನ ಒಳಗಿಂದ.

ಈ ಶಬ್ದದ ವಿಷಯ ಮೊದಲು ಹೇಳ್ತೇನೆ, ಇಲ್ಲದಿದ್ರೆ ನಿಮಗೆ ಗೊತ್ತಾಗುದಿಲ್ಲ. ಝಕರಿಯಾ ಅಲ್ಲೇ ನಿಂತಿರ್ಲಿ. ಅವನಿಗೆ ನಿಂತು ಅಭ್ಯಾಸ ಆಗಬೇಕು.

ಪುಂಜಾಲಕಟ್ಟೆಯಲ್ಲಿ ಭೋಜಣ್ಣ ಅಂತ ಒಬ್ಬರದ್ದು ಆಫೀಸು ಉಂಟು, ಜಾಗದ ನಕ್ಷೆ ಮಾಡುದು. ಹತ್ತು ಕಂಪ್ಯೂಟರು, ಎಲ್ಲ ಒಂದೇ ಡೊಮೈನು. ಡೊಮೈನು ಅಂದ್ರೆ ಒಂದು ಕೂಡುಕುಟುಂಬ ಅಂತ ತಿಳ್ಕೊಳ್ಳಿ. ಹೊಸ ಮಿಷನ್ನು ಒಳಗೆ ಬರಬೇಕಾದ್ರೆ ಯಜಮಾನನ ಹೆಸರು, ಪಾಸ್‌ವರ್ಡು ಕೈಯಾರೆ ಹೊಡೀಬೇಕು. ಯಜಮಾನ ಧರ್ಣಪ್ಪಣ್ಣ. ಹನ್ನೊಂದು ವರ್ಷದಿಂದ ಆ ನೆಟ್‌ವರ್ಕ್ ನೋಡಿಕೊಂಡದ್ದು ಅವರೇ. ಪಾಸ್‌ವರ್ಡು ಎಲ್ಲಿಯೂ ಬರೆದಿಡ್ಲಿಲ್ಲ. ಹೊಡೆಯುವ ಮೊದಲು ಮೆಲ್ಲ ಹೇಳ್ತಿದ್ರು: "ಸ್ವಲ್ಪ ಗೋಡೆ ನೋಡಿ."

ಎಲ್ಲರೂ ಗೋಡೆ ನೋಡಬೇಕು, ಭೋಜಣ್ಣ ಸಹ. ಒಂದೇ ಬೆರಳಲ್ಲಿ ಹೊಡೀತಿದ್ರು. ಟಕ್ ಟಕ್ ಟಕ್... ಟಕ್ ಟಕ್... ಒಂದು ಉಸಿರು ಬಿಡುವಷ್ಟು ಹೊತ್ತು... ಟಕ್. ಆಮೇಲೆ ಎಂಟರ್. ಡಬ್.

"ಆಯ್ತು, ತಿರುಗಿ" ಅಂತ ಅವರು ಹೇಳಿದ ಮೇಲೆಯೇ ತಿರುಗುದು. ಪಾಸ್‌ವರ್ಡು ಯಾರಿಗೂ ಗೊತ್ತಿಲ್ಲ, ಅದರ ಶಬ್ದ ಎಲ್ಲರಿಗೂ ಬಾಯಿಪಾಠ.

ಹಳೇ ಸರ್ವರ್ ಮುದಿಯಾಯ್ತು ಅಂತ ಭೋಜಣ್ಣ ಹೊಸದು ತಂದ್ರು. ಅದೇ ವಾರ ಧರ್ಣಪ್ಪಣ್ಣ ಆಸ್ಪತ್ರೆ ಸೇರಿದ್ರು. ಇಬ್ಬರಲ್ಲಿ ಸರ್ವರಿಗೆ ಮಾತ್ರ ವಾರಂಟಿ ಇತ್ತು.

ಭೋಜಣ್ಣ ಝಕರಿಯಾನನ್ನು ಕರೆದು ಹೇಳಿದ್ದಿಷ್ಟು, ಹೊಸ ಸರ್ವರನ್ನು ಡೊಮೈನಿಗೆ ಸೇರಿಸಿದವನಿಗೆ ಧರ್ಣಪ್ಪನ ಕುರ್ಚಿ. ಝಕರಿಯಾ ಹದಿನಾಲ್ಕು ವರ್ಷ ಬೈಕಿನಲ್ಲಿ ಬೆಳ್ತಂಗಡಿ, ಮೂಡುಬಿದಿರೆ ಅಂತ ಸುತ್ತಿ ಪ್ರಿಂಟರ್ ರಿಪೇರಿ ಮಾಡಿದವ. ಕಾಯಂ ಕೆಲಸ, ಒಂದು ಆರ್ಡರ್ ಕಾಗದ, ಅಷ್ಟೇ ಅವನಿಗೆ ಬೇಕಾಗಿದ್ದದ್ದು. ಹೆಂಡತಿ ಶಬ್ನಾ ಆ ಕಾಗದಕ್ಕೆ ಮೊದಲೇ ಒಂದು ಫ್ರೇಮ್ ತಂದಿಟ್ಟಿದ್ಳು.

ಝಕರಿಯಾ ಆಸ್ಪತ್ರೆಗೆ ಹೋದ. ಕಿತ್ತಳೆ ತಗೊಂಡು ಹೋಗ್ಲಿಲ್ಲ, ಕೀಬೋರ್ಡು ತಗೊಂಡು ಹೋದ.

ಧರ್ಣಪ್ಪಣ್ಣನ ಮೂಗಿನಲ್ಲಿ ನಳಿಗೆ. ಉಸಿರು... ಸೊಂಯ್... ಸೊಂಯ್... "ಸೋಮವಾರ ನಾನೇ ಬಂದು ಹಾಕ್ತೇನೆ" ಅಂದ್ರಂತೆ. ಸೋಮವಾರದವರೆಗೆ ಅವರಿಲ್ಲ ಅಂತ ನರ್ಸ್ ಮೊದಲೇ ಹೇಳಿದ್ಳು. ಇವ ಕೀಬೋರ್ಡನ್ನು ಅವರ ಎದೆ ಮೇಲೆ ಇಟ್ಟ. ಅವರ ಕೈ ಎತ್ತಿ ಕೀಗಳ ಮೇಲೆ ಇಟ್ಟ.

ಅವರು ಬೆರಳು ನೇರ ಮಾಡಿದ್ರು. "ಸ್ವಲ್ಪ ಗೋಡೆ ನೋಡು ಮಾರಾಯ."

ಝಕರಿಯಾ ತಿರುಗ್ಲಿಲ್ಲ. ತಿರುಗಿದ್ರೆ ಅಕ್ಷರ ಕಾಣುದಿಲ್ಲಲ್ಲ. ನಳಿಗೆ ಒಂದು ಕೈಯಲ್ಲಿ ಸರಿಸಿ, ಇನ್ನೂ ಬಗ್ಗಿ ನೋಡಿದ. ಬೆರಳು ಕೀಯ ಮೇಲೆ ಹಾಗೇ ನಿಂತಿತು. ಅವರು ಕಾದ್ರು, ಇವನೂ ಕಾದ. ಸೊಂಯ್... ಸೊಂಯ್... ಆಮೇಲೆ ಶಬ್ದ ಇಲ್ಲ. ಇವ ಇನ್ನೂ ಹತ್ತು ನಿಮಿಷ ಕಾದನಂತೆ. ಎಲ್ಲಿಯಾದ್ರೂ ಒತ್ತಿದ್ರೆ ಅಂತ.

ಆ ಶನಿವಾರ ಆಫೀಸಿನಲ್ಲಿ ತಾನೇ ಕೂತು ಹೊಸ ಸರ್ವರಿಗೆ ಹೆಸರು ಕೊಟ್ಟ, ಡೊಮೈನಿನ ಹೆಸರು ಹೊಡೆದ. ಪಾಸ್‌ವರ್ಡ್ ಕೇಳಿತು. ಅಂದಾಜಿಗೆ ಎರಡು ಸಲ ಹೊಡೆದ, ತಪ್ಪು. ಮೂರನೇದ್ದು ತಪ್ಪಿದ್ರೆ ಬಾಗಿಲು ಮುಚ್ತದೆ. ಸ್ಕ್ರೀನ್ ಹಾಗೇ ಬಿಟ್ಟು, ಕೀಬೋರ್ಡ್ ಕಿತ್ತು ಬ್ಯಾಗಿಗೆ ಹಾಕಿ, ಶಟರ್ ಎಳೆದು ಹೊರಟ.

ಈಗ ಬಾವಿ ಹತ್ತಿರ ಬರುವ.

ಟಕ್ ಟಕ್ ಟಕ್... ಒಂದೊಂದು ಒತ್ತೂ ಬೆನ್ನಿನ ಮೂಳೆಗೆ ತಾಗ್ತಿತ್ತಂತೆ. ಬ್ಯಾಗು ಬಿಸಾಡುವ ಅಂದ್ರೆ ಕೈ ಬರ್ಲಿಲ್ಲ. ಕಿವಿಯ ಹತ್ತಿರ ಒಂದು ಉಸಿರು. ಸೊಂಯ್...

"ಸ್ವಲ್ಪ ಗೋಡೆ ನೋಡು ಮಾರಾಯ."

ಈ ಸಲ ಝಕರಿಯಾ ತಿರುಗಿದ. ಗೋದಾಮಿನ ಗೋಡೆಗೆ ಮೂಗು ತಾಗಿಸಿ ನಿಂತ.

ಟಕ್ ಟಕ್... ಒಂದು ಉಸಿರು ಬಿಡುವಷ್ಟು ಹೊತ್ತು... ಟಕ್.

ಡಬ್.

ಆಮೇಲೆ ಏನೂ ಇಲ್ಲ. ಇವ "ಆಯ್ತು, ತಿರುಗಿ" ಅಂತ ಕೇಳ್ಲಿಕ್ಕೆ ಕಾದ...

ಬೆಳಿಗ್ಗೆ ನೀರಿಗೆ ಬಂದ ಕುಸುಮಕ್ಕ ನೋಡಿದ್ದು, ಇವ ಹಾಗೇ ನಿಂತಿದ್ದ. ನಾವು ನಾಲ್ಕು ಜನ ಸೇರಿ ಕಪಾಟು ತಿರುಗಿಸುವ ಹಾಗೆ ತಿರುಗಿಸಿದೆವು. ಕಣ್ಣು ಮುಚ್ಚಿ ಕಿರುಚಿದ. ಗೋಡೆ ಕಡೆ ಬಿಟ್ಟೆವು, ಸುಮ್ಮನಾದ. ಮನೆಗೆ ತರುವಾಗ ರಿಕ್ಷಾದಲ್ಲಿ ಸಹ ಹಿಂದೆ ತಿರುಗಿ ಸೀಟು ನೋಡ್ಕೊಂಡೇ ಬಂದ.

ಭೋಜಣ್ಣ ಶಟರ್ ಎತ್ತಿದಾಗ ಸರ್ವರ್ ಡೊಮೈನಿಗೆ ಸೇರಿ ಆಗಿತ್ತು. ಸ್ಕ್ರೀನಿನಲ್ಲಿ ಸ್ವಾಗತ ಅಂತ ಇತ್ತು. ಭೋಜಣ್ಣ ಮಾತಿಗೆ ತಪ್ಪುವವರಲ್ಲ, ಸೋಮವಾರವೇ ಆರ್ಡರ್ ಕಳಿಸಿದ್ರು. ಹದಿನೈದು ದಿನದೊಳಗೆ ಹಾಜರಾಗಬೇಕು ಅಂತ ಅದರಲ್ಲಿ ಉಂಟು. ಹದಿನಾರನೇ ದಿನ ಬೇರೆಯವನನ್ನು ತಗೊಂಡ್ರು.

ಶಬ್ನಾ ಆ ಕಾಗದವನ್ನು ಫ್ರೇಮಿಗೆ ಹಾಕಿ ಅವ ನೋಡುವ ಗೋಡೆಗೇ ಹೊಡೆದಿದ್ದಾಳೆ. ಊಟದ ಬಟ್ಟಲನ್ನು ಅವನಿಗೂ ಗೋಡೆಗೂ ನಡುವೆ ತೂರಿಸ್ತಾಳೆ. ಇದನ್ನೆಲ್ಲ ಅವನೇ ಪಿಸುಪಿಸು ಹೇಳಿದ್ದು, ಗೋಡೆಗೆ. ನಾನು ಪಕ್ಕದಲ್ಲಿ ಕೂತು ಕೇಳಿದ್ದು. ಪಾಪ ಕಂಡು ಒಂದು ದಿನ ಧರ್ಣಪ್ಪಣ್ಣನ ಸ್ವರ ಮಾಡಿ ನಾನೇ ಹೇಳಿದೆ, "ಆಯ್ತು, ತಿರುಗಿ."

ಝಕರಿಯಾ ಗೋಡೆಗೆ ಹೇಳಿದ, "ನೀವು ಸುಮ್ಮನಿರಿ ಮಾರಾಯ್ರೆ. ಅವರು ಇನ್ನೂ ಹಿಂದೆ ನಿಂತಿದ್ದಾರೆ."

ಸುಳ್ಳು ಅಂತ ನಗುವವರು ನಾಳೆ ನನ್ನ ಮನೆಗೆ ಬನ್ನಿ. ಆ ಬ್ಯಾಗು ನನ್ನ ಹತ್ತಿರ ಉಂಟು. ಕೀಬೋರ್ಡಿನ ವಯರಿಗೆ ರಬ್ಬರ್ ಬ್ಯಾಂಡು ಇನ್ನೂ ಹಾಗೇ ಉಂಟು.