ಹಾರ ಹಾಕಿದ ಫೋಟೋ

ಹಲೋ... ಹಲೋ, ಯಾರು ಮಾತಾಡ್ತಿರೋದು?

ಯಾರು? ಮೆಹಬೂಬ್ ಬೀ?... ಇಲ್ಲಮ್ಮ, ಆ ಹೆಸರಿನವರು ನಂಗೆ ಯಾರೂ ಗೊತ್ತಿಲ್ಲ. ರಾಂಗ್ ನಂಬರ್ ಇರ್ಬೇಕು ನೋಡಿ...

ಹಾಂ, ತ್ರಿವಿಕ್ರಮ ನಾನೇ. ಬಾಗಲಗುಂಟೇನೇ. ನಿಮಗೆ ಹೆಂಗೆ ಗೊತ್ತು?... ಎಲ್ಲಿಂದ? ಯಶವಂತಪುರ ಸ್ಟೇಷನ್ನಿಂದಾನಾ?

ಯಾರು ಕೂತಿದ್ದಾರೆ ನಿಮ್ಮ ಪಕ್ಕದಲ್ಲಿ?... ಇನ್ನೊಂದ್ಸಲ ಹೇಳಿ. ಹೆಸರು, ಹೆಸರು ಹೇಳಿ... ವೇದವತಿ...

...

ಇಲ್ಲ ಇಲ್ಲ, ಇಡ್ಬೇಡಿ! ಇದ್ದೀನಿ. ಹೌದು, ನನ್ನ ಹೆಂಡ್ತೀನೇ. ಒಂದ್ನಿಮಿಷ ಇರಿ, ಮನೆ ತುಂಬ ನೆಂಟರಿದ್ದಾರೆ, ಟೆರೇಸಿಗೆ ಹೋಗ್ತೀನಿ... ಚಾರ್ಜ್ ಕಮ್ಮಿ ಇದ್ಯಾ? ಆಯ್ತಮ್ಮ, ಬೇಗ ಮುಗಿಸ್ತೀನಿ... ನಿರಂಜನ್, ಇಲ್ಲಿ ನೀನು ನೋಡ್ಕೊಳಪ್ಪ, ಏನೋ ಕಂಪನಿ ಫೋನು... ಹಾಂ ಅಮ್ಮ, ಮೆಟ್ಟಿಲು ಹತ್ತಾ ಇದ್ದೀನಿ... ಬಂದೆ. ಕೊಡಿ ಅವಳಿಗೆ.

...

ವೇದಾ?

...

ವೇದಾ, ಮಾತಾಡೇ. ಅಳೋದನ್ನ ಆಮೇಲೆ ಅಳು, ಮೊದ್ಲು ಮಾತಾಡು. ನಿಜವಾಗ್ಲೂ ನೀನೇನಾ?... ಹೂಂ... ಹೂಂ... ಧ್ವನಿ ಎಷ್ಟು ಸಣ್ಣಗಾಗಿದೆಯೇ ನಿಂದು.

ಅದೇ ನಂಬರ್ ಕಣೇ. ಬದಲಾಯಿಸ್ಲಿಲ್ಲ. ನಿನ್ನ ತಲೇಲಿರೋದು ಇದೊಂದೇ ನಂಬರ್ ಅಂತ ಗೊತ್ತಿತ್ತಲ್ಲ. ವರ್ಕ್‌ಶಾಪಲ್ಲಿ ಬೇರೆ ಸಿಮ್ ಕೊಟ್ರು, ಆದ್ರೂ ಇದನ್ನ ಬಿಡ್ಲಿಲ್ಲ ನಾನು.

ಹೆಂಗೆ ಬಂದೆ? ಆಶ್ರಮದವರು ಬಿಟ್ರಾ?... ಹೇಳ್ದೆ ಬಂದ್ಯಾ!... ಹಾಲಿನ ವ್ಯಾನಲ್ಲಾ? ಅರಸೀಕೆರೆ ತನಕ ಅದರಲ್ಲೇ ಕೂತು... ಆಮೇಲೆ ರೈಲು. ಟಿಕೆಟ್ಟು?... ಓ, ಆ ಮೆಹಬೂಬ್ ಬೀನೇ ತೆಗೆಸಿಕೊಟ್ರಾ. ಅವರಿಗೆ ನನ್ನ ನಮಸ್ಕಾರ ಹೇಳು. ಇಲ್ಲ, ನಾನೇ ಹೇಳ್ತೀನಿ, ಆಮೇಲೆ.

ಏನು?... ಆಶ್ರಮದ ದೊಡ್ಡಯ್ಯ ಶಾಪ ಹಾಕ್ತಾರಾ? ಹಾಕ್ಲಿ ಬಿಡೇ. ನಾನು ಅಲ್ಲಿಂದ ಎದ್ದು ಬಂದ ದಿನ ನಂಗೂ ಹಾಕಿದ್ರಲ್ಲ, ಊರು ಸೇರೋದ್ರೊಳಗೆ ಲಾರಿ ಬಡಿಯುತ್ತೆ ಅಂತ. ಮೂರು ವರ್ಷ ಆಯ್ತು. ಬೆನ್ನುನೋವು ಬಿಟ್ರೆ ಇನ್ನೇನೂ ಬಡೀಲಿಲ್ಲ.

ಧೈರ್ಯನಾ? ಇಲ್ಲ ಕಣೇ. ನಿನ್ನ ಹತ್ರ ಯಾಕೆ ಸುಳ್ಳು ಹೇಳ್ಲಿ, ಭಯ ಇನ್ನೂ ಹೋಗಿಲ್ಲ. ನಮ್ಮ ರಸ್ತೆ ಕೊನೇಲಿ ಆಂಜನೇಯನ ಗುಡಿ ಇದ್ಯಲ್ಲ, ಶನಿವಾರ ಶನಿವಾರ ಹೋಗ್ತೀನಿ. ತೀರ್ಥಕ್ಕೆ ಕೈ ಒಡ್ಡಿದ ತಕ್ಷಣ ದೊಡ್ಡಯ್ಯ ಹೇಳ್ತಿದ್ದದ್ದು ನೆನಪಾಗುತ್ತೆ, ಬೇರೆ ಕಡೆ ತೀರ್ಥ ಕುಡಿದವರ ನಾಲಿಗೆ ಸುಟ್ಟೋಗುತ್ತೆ ಅಂತ. ಕುಡಿದೋನ ಥರ ಮಾಡಿ ತಲೆಗೆ ಸವರ್ಕೊಂಡು ಬರ್ತೀನಿ. ಐವತ್ತು ದಾಟಿದ ಗಂಡಸು! ಅರ್ಚಕರಿಗೆ ಗೊತ್ತಾಗಿದೆ ಅನ್ಸುತ್ತೆ, ಪಾಪ, ಏನೂ ಅನ್ನಲ್ಲ.

ಮನೇಲಾ?... ದೇವರ ಮನೇಲಿ ಬರೀ ದೀಪ ಇದೆ. ದೊಡ್ಡಯ್ಯನ ಫೋಟೋ ತೆಗೆದು ಹಾಕ್ದೆ. ಆ ಜಾಗದಲ್ಲಿ ಇನ್ಯಾರನ್ನ ಇಡ್ಬೇಕು ಅಂತ ತೋಚಲಿಲ್ಲ. ನಮ್ಮಮ್ಮನ ಕಾಲದಿಂದ ಇದ್ದ ದೇವರನ್ನೆಲ್ಲ ದೊಡ್ಡಯ್ಯನ ಮಾತು ಕೇಳಿ ನಾವೇ ತಗೊಂಡು ಹೋಗಿ ಚಿಕ್ಕಬಾಣಾವರ ಕೆರೆಗೆ ಬಿಟ್ವಲ್ಲ... ಹೂಂ. ಖಾಲಿ ಜಾಗಕ್ಕೇ ದೀಪ ಹಚ್ತೀನಿ.

...

ಈಗ್ಲೇನಾ?... ಇರು, ಇರು. ಬಸ್ಸು ಹತ್ಬೇಡ. ಕೇಳಿಲ್ಲಿ, ವೇದಾ... ಈಗ ಮನೆಗೆ ಬರ್ಬೇಡ.

ಅಯ್ಯೋ, ಬರ್ಲೇಬೇಡ ಅಂದ್ನಾ ನಾನು? ಈಗ ಬೇಡ ಅಂದೆ. ಅಬ್ಬಿಗೆರೆಗೆ ಹೋಗು, ನಮ್ಮ ನಾಗಲಕ್ಷ್ಮಿ ಮನೆಗೆ. ನಿನ್ನ ನಾದಿನಿ ಮನೆ ತಾನೇ, ಬೇರೆಯವರದಾ? ಅಲ್ಲೇ ಇರು, ಒಂದು... ಒಂದು ಹದಿನೈದು ದಿನ.

ಕಾರಣ ಇದೆ ಕಣೇ... ನೆಂಟರು ಅಂದ್ನಲ್ಲ, ಅದಕ್ಕೇ... ನಯನಾಗೆ ಇವತ್ತು ಲಗ್ನಪತ್ರಿಕೆ. ಹೂಂ, ನಮ್ಮ ನಯನಾಗೇ. ಪುರೋಹಿತರು ಕೆಳಗೆ ಬರೀತಾ ಕೂತಿದ್ದಾರೆ.

...

ಒಳ್ಳೇ ಸುದ್ದಿಗೂ ಅಳ್ತೀಯಲ್ಲೇ. ಹುಡುಗ ಚಿರಂತನ್ ಅಂತ. ತಣಿಸಂದ್ರದವರು. ಹೆಬ್ಬಾಳದಲ್ಲಿ ವೆಟರ್ನರಿ ಓದಿದ್ದಾನೆ, ನಾಯಿ ಬೆಕ್ಕಿನ ಡಾಕ್ಟ್ರು. ನಿನ್ನ ಮಗಳು ಕಾಲು ಮುರಿದ ಬೀದಿನಾಯೀನ ಎತ್ಕೊಂಡು ಹೋದ್ಲು, ಗಂಡನ್ನ ಹುಡುಕ್ಕೊಂಡು ಬಂದ್ಲು... ಹಾಂ, ನಗು. ಎಷ್ಟು ದಿನ ಆಯ್ತು ನಿನ್ನ ನಗು ಕೇಳಿ.

ಯಲಹಂಕದ ಛತ್ರದಲ್ಲಿ. ಹೂಂ, ಇನ್ನು ಹದಿನೈದು ದಿನಕ್ಕೆ... ಏನು? ಧಾರೆಗಾ? ಧಾರೆ ಎರೆಯೋಕೆ ಯಾರು ಕೂತ್ಕೋತಾರೆ ಅಂದ್ಯಾ?

...

ನಿರಂಜನ್ ಮತ್ತೆ ಸೌಜನ್ಯ. ನನ್ನ ತಮ್ಮ, ಅವನ ಹೆಂಡ್ತಿ. ಇವತ್ತು ತಾಂಬೂಲದ ತಟ್ಟೆ ಬದಲಾಯಿಸೋದೂ ಅವರೇ. ನಾನು ಒಂದು ಕಡೆ ಕುರ್ಚಿ ಹಾಕ್ಕೊಂಡು ಕೂತಿದ್ದೆ.

ನಾನು ಹೆಂಗೆ ಕೂತ್ಕೊಳ್ಳಲಿ? ದಂಪತಿ ಕೂತ್ಕೋಬೇಕು ಅಲ್ವಾ... ಹೌದು, ನೀನು ಬಂದಿದ್ದೀಯ. ಬಂದಿದ್ದೀಯ, ಆದ್ರೆ... ಥೂ, ಬಾಯಿಗೆ ಬರ್ತಿಲ್ಲ ಕಣೇ.

ಕೇಳು. ಮಧ್ಯದಲ್ಲಿ ಏನೂ ಅನ್ಬೇಡ, ಅಂದ್ರೆ ನಿಲ್ಲಿಸ್ಬಿಡ್ತೀನಿ. ಮೊದ್ಲು ಎರಡು ಸಂಬಂಧ ಬಂದಿದ್ವು. ಹುಡುಗಿ ತಾಯಿ ಎಲ್ಲಿ ಅಂತ ಕೇಳಿದ್ರು, ಇಂಥಾ ಆಶ್ರಮದಲ್ಲಿ ಅಂತ ನಿಜಾನೇ ಹೇಳ್ದೆ. ಎರಡೂ ಕಡೆಯವರು ಕಾಫಿ ಕುಡಿದು ಹೋದವರು ಮತ್ತೆ ಫೋನ್ ಎತ್ತಲಿಲ್ಲ. ಆಮೇಲೆ ಇವರು ಬಂದ್ರು. ಹುಡುಗನ ತಾಯಿ ಅದನ್ನೇ ಕೇಳಿದ್ರು. ನಾನು... ತೀರ್ಕೊಂಡ್ರು ಅಂದೆ.

...

ಹೂಂ. ನೀನು. ನೀನು ತೀರ್ಕೊಂಡೆ ಅಂದೆ.

...

ವೇದಾ? ಇದ್ದೀಯಾ?... ಇನ್ನೂ ಇದೆ. ಕೇಳು ಎಲ್ಲಾನೂ. ಸತ್ತವರ ಫೋಟೋ ಇಲ್ದೆ ಇರೋ ಮನೆ ಉಂಟಾ? ಅವರು ಮುಂದಿನ ಸಲ ಬರೋದ್ರೊಳಗೆ ನಿನ್ನ ಫೋಟೋ ಕಟ್ಟು ಹಾಕಿಸಿ ಹಾಲಲ್ಲಿ ನೇತು ಹಾಕ್ದೆ. ಗಂಧದ ಹಾರ ಹಾಕ್ದೆ. ಕೆಳಗೊಂದು ಕೆಂಪು ಬಲ್ಬು. ಒಂದು ಸುಳ್ಳು ನಿಲ್ಲಿಸೋಕೆ ಎಷ್ಟು ಸಾಮಾನು ಬೇಕು ನೋಡು.

ನಯನಾನಾ? ಅವಳು ನನ್ನ ಜೊತೆ ಒಂದು ವಾರ ಮಾತಾಡಲಿಲ್ಲ. ಆ ಗೋಡೆ ಕಡೆ ತಿರುಗಿ ನೋಡಲ್ಲ. ಚಿರಂತನ್‌ಗೂ ಗೊತ್ತು, ಅವಳೇ ಹೇಳಿದ್ದಾಳೆ. ಅಪ್ಪ ಅಮ್ಮನಿಗೆ ನಿಜ ಹೇಳ್ಬಿಡೋಣ ಅಂಕಲ್ ಅಂದ ಆ ಹುಡುಗ. ನಾನೇ ಅವನಿಗೆ ಕೈ ಮುಗಿದೆ, ಬೇಡಪ್ಪ, ಮದುವೆ ಮುಗೀಲಿ ಅಂತ. ಮಗನ ವಯಸ್ಸಿನವನಿಗೆ.

ಹುಡುಗನ ತಾಯಿ ಒಳ್ಳೆಯವರು ಕಣೇ. ಅದೇ ಕಷ್ಟ ಆಗಿರೋದು. ಎರಡನೇ ಸಲ ಬಂದಾಗ ಮಲ್ಲಿಗೆ ಹೂವು ತಂದಿದ್ರು. ನಿನ್ನ ಫೋಟೋಗೆ ಇಟ್ಟು, ಕಣ್ಣಲ್ಲಿ ನೀರು ತಂದ್ಕೊಂಡು, ನಿಮ್ಮ ಮಗಳನ್ನ ನನ್ನ ಮಗಳ ಹಾಗೆ ನೋಡ್ಕೋತೀನಿ ಅಂತ ನಿಂಗೆ ಮಾತು ಕೊಟ್ರು. ನಾನು ಅಲ್ಲೇ ಕಾಫಿ ಲೋಟ ಹಿಡ್ಕೊಂಡು ನಿಂತಿದ್ದೆ. ನೆಲ ಬಾಯಿ ಬಿಡಬಾರ್ದಾ ಅನ್ನಿಸ್ತು.

ಯಾವ ಫೋಟೋನಾ? ನಂದಿ ಬೆಟ್ಟದ್ದು. ಹಸಿರು ಸೀರೆ. ಕೋತಿ ಬಂದು ನಿನ್ನ ಕೈಯಿಂದ ಚುರುಮುರಿ ಕಿತ್ಕೊಂಡಾಗ ನಕ್ಕಿದ್ಯಲ್ಲ, ಅದು. ಕೋತೀನ ಕತ್ತರಿಸಿ ನಿನ್ನ ಮುಖ ದೊಡ್ಡದು ಮಾಡಿಸ್ದೆ.

ಇನ್ನೊಂದು ಹೇಳ್ತೀನಿ, ನಗ್ಬೇಡ. ಶುರುವಿನಲ್ಲಿ ನೆಂಟರು ನೋಡ್ಲಿ ಅಂತ ಅದಕ್ಕೆ ಊದುಬತ್ತಿ ಹಚ್ತಿದ್ದೆ. ಆಮೇಲೆ ಯಾರೂ ಇಲ್ದಾಗ್ಲೂ ಹಚ್ತೀನಿ. ದೇವರ ಮನೇಲಿ ಕೈ ಮುಗಿಯೋಕೆ ಯಾವ ಮುಖಾನೂ ಇಲ್ಲ, ಇಲ್ಲಿ ನಿನ್ನದೊಂದು ಇತ್ತು. ತಪ್ಪಾಯ್ತು ಅಂತ ಅದಕ್ಕೇ ಹೇಳ್ಕೋತಿದ್ದೆ. ಇವತ್ತು ಬೆಳಿಗ್ಗೇನೂ ಹೇಳ್ದೆ.

...

ಬೈಯಿ. ಏನಾದ್ರೂ ಅನ್ನು... ಏನು? ನೀನೂನಾ? ನೀನೇನು ಮಾಡ್ದೆ?

ನಂಗಾ?... ನಂಗೆ ಎಳ್ಳುನೀರು ಬಿಟ್ಯಾ?

...

ಯಾವಾಗ?... ನಾನು ಬಿಟ್ಟು ಬಂದ ಮಾರನೇ ದಿನಾನೇ. ಎಲ್ಲರ ಎದುರಿಗೆ ಕಲ್ಯಾಣಿ ಮೆಟ್ಟಿಲ ಮೇಲೆ ಕೂರಿಸಿ... ದೊಡ್ಡಯ್ಯಾನೇ ಮಂತ್ರ ಹೇಳಿದ್ರಾ? ಬಿಟ್ಟು ಹೋದವನು ಸತ್ತ ಹಾಗೆ ಅಂತ... ಕುಂಕುಮ ಅಳಿಸಿದ್ರಾ?... ತಾಳಿ?... ಅವರ ಹತ್ರಾನೇ ಇದ್ಯಾ. ಹೋಗ್ಲಿ ಬಿಡು. ಅಂದ್ರೆ ಮೂರು ವರ್ಷದಿಂದ ಹಣೆ ಖಾಲಿ ಇಟ್ಕೊಂಡಿದ್ದೀಯಾ?

ಸಮ ಆಯ್ತಾ? ಇಲ್ಲ ವೇದಾ, ಹಂಗನ್ಬೇಡ, ಸಮ ಆಗ್ಲಿಲ್ಲ. ನಿನ್ನ ಕೈ ಹಿಡಿದು ಮಾಡಿಸಿದ್ರು. ನನ್ನ ಕೈ ಯಾರು ಹಿಡಿದಿದ್ರು? ನಾನೇ ಸ್ಟೂಲ್ ಹತ್ತಿ ಮೊಳೆ ಹೊಡೆದೆ. ಫೋಟೋ ಸೊಟ್ಟ ಆಗಿದ್ಯಾ ಅಂತ ದೂರ ನಿಂತು ನೋಡ್ದೆ ಬೇರೆ.

ನಿನ್ನ ಅಲ್ಲಿಗೆ ಕರ್ಕೊಂಡು ಹೋದವನೂ ನಾನೇ ಅಲ್ವಾ. ನನ್ನ ಬೆನ್ನುನೋವಿಗೆ ಅವರ ವಿಭೂತಿ ಒಳ್ಳೇದು ಅಂತ ಯಾರೋ ಅಂದ್ರು, ಹೋದ್ವಿ. ನೀನು ಬೇಡ ಅಂದಿದ್ದೆ. ನಂಗೆ ಸಾಕಾಯ್ತು, ಎದ್ದು ಬಂದೆ. ನೀನು ನನ್ನ ಮಾತು ಕೇಳಿ ನಂಬಿದವಳು, ಅಲ್ಲೇ ಉಳ್ಕೊಂಡೆ. ಗೇಟಿನ ಹತ್ರ ಎಷ್ಟು ಸಲ ಬಂದು ನಿಂತಿದ್ದೀನಿ ಗೊತ್ತಾ? ಬಾ ಬಾ ಅಂತ ಕರೀತಿದ್ದೋನು, ಇವತ್ತು ನೀನೇ ಬಂದ್ರೆ ಬೇಡ ಅಂತಿದ್ದೀನಿ.

...

ಆಯ್ತು ಅಂದ್ಯಾ? ಅಬ್ಬಿಗೆರೆಗೆ ಹೋಗ್ತೀಯಾ?... ಮದುವೆಗೂ ಬರಲ್ವಾ. ಛತ್ರದ ಹೊರಗೆ ನಿಂತು ನೋಡ್ಕೊಂಡು... ಏನಂದೆ? ಕೊನೇಲಿ ಏನೋ ಅಂದ್ಯಲ್ಲ, ಇನ್ನೊಂದ್ಸಲ ಅನ್ನು.

...

ಅಪ್ಪಣೆ ಅಂದೆ ನೀನು.

ಇಲ್ಲ, ಅಂದೆ. ನಾನು ಕೇಳಿಸ್ಕೊಂಡೆ. ದೊಡ್ಡಯ್ಯ ಕೂರು ಅಂದ್ರೆ ಅಪ್ಪಣೆ, ಉಪವಾಸ ಇರು ಅಂದ್ರೆ ಅಪ್ಪಣೆ, ತಲೆ ತಗ್ಗಿಸಿ ನಾವೆಲ್ಲ ಅಂತಿದ್ವಲ್ಲ, ಅದನ್ನೇ ಅದೇ ಧ್ವನೀಲಿ ನಂಗೆ ಅಂದೆ. ಅನ್ಬೇಡ ಕಣೇ. ದಮ್ಮಯ್ಯ ಅಂತೀನಿ, ನಂಗೆ ಮಾತ್ರ ಹಂಗೆ ಅನ್ಬೇಡ. ಅಲ್ಲಿಂದ ಓಡಿ ಬಂದು ಇನ್ನೊಬ್ಬ ದೊಡ್ಡಯ್ಯನಿಗೆ ಫೋನ್ ಮಾಡಿದ ಹಾಗಾಯ್ತಲ್ಲ.

ಯಾರದು?... ನಯನಾ. ಯಾವಾಗ ಬಂದ್ಯಮ್ಮ ಮೇಲೆ?... ಕೇಳಿಸ್ಕೊಂಡ್ಯಾ?... ಹೂಂ. ನಿಮ್ಮಮ್ಮ. ಯಶವಂತಪುರದಲ್ಲಿದ್ದಾಳೆ. ತಗೋ, ಮಾತಾಡು... ತಗೋಮ್ಮ... ನಯನಾ...

ತಗೊಳ್ಳಲಿಲ್ಲ ವೇದಾ. ಕೆಳಗೆ ಇಳಿದು ಹೋದ್ಲು. ಕೋಪ ಇಲ್ಲ... ಸುಳ್ಳು ಯಾಕೆ, ಕೋಪಾನೂ ಇದೆ. ಆದ್ರೆ ನಿನ್ನ ಮೇಲಲ್ಲ, ಸೆರಗು ಬಾಯಿಗೆ ಒತ್ಕೊಂಡು ಹೋದ್ಲು. ರೇಷ್ಮೆ ಸೀರೆ ಉಟ್ಟಿದ್ದಾಳೆ, ನಿನ್ನದೇ, ಬದನೆಕಾಯಿ ಬಣ್ಣದ್ದು.

ಇಲ್ಲ. ಅಬ್ಬಿಗೆರೆ ಬೇಡ. ಅಲ್ಲೇ ಕೂತಿರು, ಟಿಕೆಟ್ ಕೌಂಟರ್ ಎದುರಿಗೆ, ಬೆಳಕಿರೋ ಕಡೆ. ನಾನೇ ಬರ್ತೀನಿ. ಮೊದ್ಲು ಕೆಳಗೆ ಹೋಗಿ ಅವರಿಗೆ ಹೇಳ್ತೀನಿ... ಎದ್ದು ಹೋಗ್ತಾರಾ? ಗೊತ್ತಿಲ್ಲ ಕಣೇ. ಹೋಗಬಹುದು. ಆ ಭಯಕ್ಕೇ ತಾನೇ ಇಷ್ಟು ದಿನ ಹಾರಕ್ಕೆ ಧೂಳು ಒರೆಸ್ತಾ ಕೂತಿದ್ದು. ಮಗಳ ಜೀವನ ಅಂತ ನನ್ನ ಮಾನ ಉಳಿಸ್ಕೊಳ್ಳೋಕೆ ನೋಡ್ದೆ.

ಹಾಂ? ಏನು ಕೇಳ್ದೆ?... ಕುಂಕುಮ ಇಟ್ಕೊಂಡು ಬರ್ಲಾ ಅಂತಾ?

...

ನನ್ನ ಕೇಳ್ಬೇಡ ವೇದಾ. ಇಟ್ಕೋಬೇಕು ಅನ್ಸಿದ್ರೆ ಇಟ್ಕೋ. ಬೇಡ ಅನ್ಸಿದ್ರೆ ಹಂಗೇ ಬಾ, ಯಾರೂ ಏನೂ ಕೇಳಲ್ಲ, ಕೇಳಿದ್ರೆ ನಾನಿದ್ದೀನಿ.

ಏನು, ಫೋನು ಕುಂಯ್ ಅಂತಿದ್ಯಾ? ಚಾರ್ಜ್ ಮುಗೀತಾ ಬಂತು ಅನ್ಸುತ್ತೆ. ಕೇಳು, ಜಾಗ ಬಿಟ್ಟು ಏಳ್ಬೇಡ... ಇರು, ಮೆಟ್ಟಿಲ ಮೇಲೆ ಯಾರೋ... ಹುಡುಗನ ತಾಯಿ ಕಣೇ.

ಅಮ್ಮಾ, ನೀವ್ಯಾಕೆ ಹತ್ತಿ ಬಂದ್ರಿ ಮಂಡಿನೋವಲ್ಲಿ?... ಹಾಂ, ಬಂದೆ. ತಟ್ಟೆ ಬದಲಾಯಿಸೋ ಹೊತ್ತಾಯ್ತಾ... ನಯನಾ ಅಳ್ತಿದ್ದಾಳಾ? ಅದು... ಫೋನಲ್ಲಾ? ಫೋನಲ್ಲಿ ಯಾರು ಅಂದ್ರಾ?

...

ನಯನಾ ಅಮ್ಮ.

...

ಹೌದಮ್ಮ. ನೀವು ಮಲ್ಲಿಗೆ ಇಟ್ರಲ್ಲ, ಅವಳೇ. ಬದುಕಿದ್ದಾಳೆ. ಸುಳ್ಳು ನಂದು. ಮಕ್ಕಳದು ಏನೂ ತಪ್ಪಿಲ್ಲ, ಅವರನ್ನ ಏನೂ ಅನ್ಬೇಡಿ. ನನ್ನ ಏನು ಬೇಕಾದ್ರೂ ಅನ್ನಿ...

ವೇದಾ, ಕೇಳಿಸ್ತಾ? ಹೇಳ್ಬಿಟ್ಟೆ ಕಣೇ... ಅವರು ನನ್ನ ಮುಖಾನೇ ನೋಡ್ತಿದ್ದಾರೆ... ಈಗ ಕೈ ಚಾಚಿದ್ದಾರೆ. ಫೋನ್ ಕೊಡಿ ಅಂತಿದ್ದಾರೆ... ಬೈಯೋಕೋ ಏನೋ ಗೊತ್ತಾಗ್ತಿಲ್ಲ... ಕೊಡ್ಲಾ? ವೇದಾ, ಮಾತಾಡ್ತೀಯಾ ಅವರ ಹತ್ರ?

ಹಲೋ?... ವೇದಾ?... ಹಲೋ...